ಒಂಬತ್ತು ನಿಯಮಗಳ ಇನ್ಸ್‌ಪೆಕ್ಟರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ, ಕಾಸರಗೋಡಿನಿಂದ ಬಂದ ಒಂದು ಕಾರ್ಡಿನ ಮೂಲಕ. ಬರೆದವರು ಅವರ ತಮ್ಮನ ಮಗ. "ದೊಡ್ಡಪ್ಪ ಮೋಟಾರು ಇಲಾಖೆಯಲ್ಲಿದ್ದವರು. ಅವರ ಡೈರಿಯಲ್ಲಿ ತಮ್ಮ ವಿಳಾಸ ಕಂಡು ತಿಳಿಸುತ್ತಿದ್ದೇನೆ, ಪರಿಚಯ ಇದ್ದಿರಬಹುದು" ಎಂದಿತ್ತು. ಪರಿಚಯವಿತ್ತು. ಮೂರೇ ವರ್ಷ. ಆದರೆ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ಕಲಿಯದ ಒಂದು ವಿಷಯವನ್ನು ನಾನು ಆ ಮೂರು ವರ್ಷಗಳಲ್ಲಿ ಕಲಿತೆ, ಅದೂ ಡಿಗ್ರಿಯಿಲ್ಲದ ಆ ಮನುಷ್ಯನ ಹತ್ತಿರ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ತಮ್ಮ ಹೆಸರು ಬಂದರೆ ಸಹಿಯ ಜಾಗದಲ್ಲಿ ಮಾತ್ರ ಬರಬೇಕು ಎನ್ನುತ್ತಿದ್ದರು.

ಕಾಸರಗೋಡು ಕೇರಳಕ್ಕೆ ಸೇರಿದ ಹೊಸತು. ಮದ್ರಾಸು ಸರ್ಕಾರದ ನೌಕರಿಯಲ್ಲಿದ್ದ ನಮ್ಮ ಕಡೆಯವರು ಒಂದು ಬೆಳಿಗ್ಗೆ ಎದ್ದು ನೋಡುವಾಗ ತಿರುವನಂತಪುರದ ಕೈಕೆಳಗೆ ಬಂದಿದ್ದರು. ಕೆಲವರು ಓಡಾಡಿ ಮಂಗಳೂರಿನ ಕಡೆಗೆ ವರ್ಗ ಮಾಡಿಸಿಕೊಂಡರು. ಇವರು ಕೇಳಲಿಲ್ಲ. "ಬ್ರೇಕಿಗೆ ಭಾಷೆ ಇಲ್ಲ ಮಾರಾಯ" ಎಂದು ಹೇಳಿ, ಒಂದು ಟ್ರಂಕು, ಒಂದು ಕೊಡೆ ಹಿಡಿದುಕೊಂಡು ಎರ್ನಾಕುಳಕ್ಕೆ ಮೋಟಾರು ವಾಹನ ಇನ್ಸ್‌ಪೆಕ್ಟರಾಗಿ ಬಂದರು. ಅವರ ಕಾಸರಗೋಡಿನ ಮಲಯಾಳ ಕೇಳಿ ಅಲ್ಲಿನ ಬಸ್ ಡ್ರೈವರುಗಳು ಮುಖ ತಿರುಗಿಸಿ ನಗುತ್ತಿದ್ದರು. ಬಸ್ಸಿನ ಅಡಿಯಿಂದ ಅವರು ಹೊರಗೆ ಬಂದ ಮೇಲೆ ಯಾರೂ ನಗುತ್ತಿರಲಿಲ್ಲ.

ನಾನು ಆ ಹೊತ್ತಿಗೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕೊಚ್ಚಿಗೆ ಬಂದಿದ್ದೆ. ನಮ್ಮ ಮನೆಯಲ್ಲಿ ಅಪ್ಪ ಬೀಡಿ ಕಟ್ಟುತ್ತಿದ್ದರು, ಅಮ್ಮನೂ ಕಟ್ಟುತ್ತಿದ್ದಳು. ಆ ಎರಡು ಜೊತೆ ಕೈಗಳು ನನ್ನನ್ನು ಮಂಗಳೂರಿನ ಕಾಲೇಜಿಗೆ ಕಳಿಸಿ ಬಿ.ಎಸ್ಸಿ. ಮಾಡಿಸಿದ್ದವು. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಅಕ್ಷರ ಹಾಕಿಕೊಂಡವನು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ಎರ್ನಾಕುಳಂನ ಉಡುಪಿ ಹೋಟೆಲಿನಲ್ಲಿ ನಾನು ಕನ್ನಡದಲ್ಲಿ ಇನ್ನೊಂದು ದೋಸೆ ಹೇಳಿದ್ದನ್ನು ಕೇಳಿಸಿಕೊಂಡು ಇನ್ಸ್‌ಪೆಕ್ಟರು ಎದುರಿನ ಮೇಜಿನಿಂದ ಎದ್ದು ಬಂದು ಕೂತರು. ಐವತ್ತರ ಆಸುಪಾಸು, ಕಿವಿಯ ಹಿಂದೆ ಬಡಗಿಗಳು ಇಟ್ಟುಕೊಳ್ಳುವಂಥ ಚಪ್ಪಟೆ ಪೆನ್ಸಿಲು.

"ಯಾವ ಊರು?"

ಹೇಳಿದೆ.

"ಎಂತ ಓದಿದ್ದು?"

"ಬಿ.ಎಸ್ಸಿ. ಫಿಸಿಕ್ಸ್."

"ಹೌದಾ. ಹಾಗಾದ್ರೆ ಹೇಳು. ಬ್ರೇಕು ಒತ್ತಿದ್ರೆ ಬಸ್ಸಿನ ಮೂತಿ ಯಾಕೆ ಕೆಳಗೆ ಹೋಗ್ತದೆ?"

ನಾನು ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳದ್ದಿ ಬಸ್ಸಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಜಡತ್ವದಿಂದ ಶುರುಮಾಡಿ ಹತ್ತು ನಿಮಿಷ ವಿವರಿಸಿದೆ. ಅವರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

"ಸರಿ ಉಂಟು" ಎಂದರು ಕೊನೆಗೆ. "ಬಸ್ಸಿನ ಅಡಿಗೆ ಯಾವತ್ತಾದ್ರೂ ಹೋಗಿದ್ದೀಯಾ?"

"ಇಲ್ಲ."

"ನಾಳೆ ಆದಿತ್ಯವಾರ. ಹಳೇ ಅಂಗಿ ಹಾಕ್ಕೊಂಡು ಬಾ."

ಅಂದಿನಿಂದ ಅವರ ಬಾಯಲ್ಲಿ ನನಗೆ ಬೇರೆ ಹೆಸರಿರಲಿಲ್ಲ. ಎಂತ ಬಿಎಸ್ಸಿ, ಊಟ ಆಯ್ತಾ. ಬಿಎಸ್ಸಿ, ಆ ಸ್ಪಾನರ್ ತೆಗಿ. ಗೌರವವೋ ಗೇಲಿಯೋ ಎಂದು ನಾನು ಬಹಳ ದಿನ ಯೋಚಿಸಿದೆ. ಎರಡೂ ಇತ್ತು ಎಂದು ಕಾಣುತ್ತದೆ.

ಬಸ್ಸಿನ ಅಡಿಗೆ ಹೋಗುವ ಮೊದಲು ಚಪ್ಪಲಿ ಕಳಚುತ್ತಿದ್ದರು. ಗೋಣಿ ಹಾಸಿ ಅಂಗಾತ ಮಲಗಿ, ಸಣ್ಣ ಸ್ಪಾನರಿನಿಂದ ಒಂದೊಂದೇ ನಟ್ಟಿಗೆ ತಟ್ಟುತ್ತ ಒಳಗೆ ಸರಿಯುತ್ತಿದ್ದರು. "ಕೇಳ್ತಾ ಉಂಟಾ? ಬಿಗಿ ಇರುವ ನಟ್ಟು ಗಂಟೆಯ ಹಾಗೆ ಮಾತಾಡ್ತದೆ. ಸಡಿಲದ್ದು ಕೆಮ್ಮುತ್ತದೆ." ನನಗೆ ಮೊದಮೊದಲು ಎಲ್ಲವೂ ಒಂದೇ ಸದ್ದು. ನಾಲ್ಕನೆಯ ಆದಿತ್ಯವಾರ ಒಂದು ಕೆಮ್ಮು ಕೇಳಿತು. ಡಿಗ್ರಿಯ ಫಲಿತಾಂಶ ಬಂದ ದಿನ ಆದಷ್ಟೇ ಸಂತೋಷವಾಯಿತು ಎಂದರೆ ಯಾರೂ ನಂಬುವುದಿಲ್ಲ.

ಕಲೂರಿನ ಒಬ್ಬ ಬಸ್ ಮಾಲೀಕ ತನ್ನ ಬಸ್ಸಿನ ಮೂತಿಯ ಮೇಲೆ ಮರದ ಆನೆತಲೆ ಕೆತ್ತಿಸಿ ಕೂರಿಸಿದ್ದ. ಸೊಂಡಿಲು, ದಂತ, ಎಲ್ಲ ಸೇರಿ ಒಂದು ದೊಡ್ಡ ಮೂಟೆಯಷ್ಟಿತ್ತು. ಇಂಥದ್ದನ್ನೆಲ್ಲ ತೆಗೆಸಿ ಎಂದು ಇವರ ಮೇಲಿನವರ ಚೀಟಿ ಬಂತು. ಇವರು ಡ್ರೈವರನ ಸೀಟಿನಲ್ಲಿ ಕೂತು ರಸ್ತೆ ಕಾಣುತ್ತದೆಯೋ ಎಂದು ನೋಡಿದರು. ಕಾಣುತ್ತಿತ್ತು. ಇಳಿದು ಬಂದು ದಂತ ಹಿಡಿದು ಜೋತುಬಿದ್ದರು. ಆನೆ ಅಲುಗಲಿಲ್ಲ. "ಕಾಣ್ತದೆ, ಬೀಳುವುದಿಲ್ಲ" ಎಂದು ಚೀಟಿಯ ಹಿಂದೆಯೇ ಇಂಗ್ಲಿಷಿನಲ್ಲಿ ಬರೆದು ವಾಪಸು ಕಳಿಸಿದರು. ಅದೇ ದಿನ, ಕಾಗದದ ಪ್ರಕಾರ ಎಲ್ಲ ಸರಿಯಿದ್ದ ಹೊಚ್ಚಹೊಸ ಬಸ್ಸೊಂದನ್ನು ಹಿಂದಿನ ಬಾಗಿಲಿನ ಚಿಲಕ ಒಳಗಿನಿಂದ ತೆರೆಯಲು ಕಷ್ಟ ಎಂಬ ಒಂದೇ ಕಾರಣಕ್ಕೆ ನಿಲ್ಲಿಸಿದರು. ಮಾಲೀಕ ಕೂಗಾಡಿದ. "ಕೂಗಾಡ್ಲಿ. ಬಾಯಿಗೆ ಚಿಲಕ ಇಲ್ಲ" ಎಂದರು.

ಇನ್ನು ಕಾರಿನ ಓಟದ ವಿಷಯ.

ಕೊಚ್ಚಿಯಲ್ಲಿ ಆಗ ಒಂದು ಮೋಟಾರು ಕ್ಲಬ್ಬಿತ್ತು. ಬಂದರಿನ ಕಂಪೆನಿಗಳ ಮ್ಯಾನೇಜರುಗಳು, ಘಟ್ಟದ ಮೇಲಿನ ಚಹಾ ತೋಟದವರು, ಒಂದಿಬ್ಬರು ಶ್ರೀಮಂತರ ಮಕ್ಕಳು ಅದರ ಸದಸ್ಯರು. ಅಧ್ಯಕ್ಷರು ಒಂದು ಚಹಾ ಕಂಪೆನಿಯ ಮ್ಯಾನೇಜರು, ಇಂಗ್ಲೆಂಡಿನವರು. ಹಡಗಿನಲ್ಲಿ ತರಿಸಿದ ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು ಅವರದ್ದು. ಕಳಮಶ್ಶೇರಿಯ ಆಚೆ ಕಾರ್ಖಾನೆಗಳಿಗೆಂದು ಹೊಸ ರಸ್ತೆಗಳನ್ನು ಹಾಕಿದ್ದರು, ಕಾರ್ಖಾನೆಗಳು ಇನ್ನೂ ಬಂದಿರಲಿಲ್ಲ. ಕೆಂಪು ಗುಡ್ಡವನ್ನು ಸುತ್ತಿ ಬರುವ ಆ ಖಾಲಿ ಟಾರು ರಸ್ತೆಯ ಮೇಲೆ ಓಟ ನಡೆಸಬೇಕೆಂದು ಕ್ಲಬ್ಬಿನವರಿಗೆ ಆಸೆ. ಕಾರುಗಳನ್ನು ಇನ್ಸ್‌ಪೆಕ್ಟರು ನೋಡಿ ಸಹಿ ಹಾಕಿದರೆ ಮಾತ್ರ ಸೈ ಎಂದು ಪೊಲೀಸರು ಹೇಳಿದ್ದರಿಂದ ನಮ್ಮವರು ಇದರೊಳಗೆ ಬಂದರು. ನಾನು ಶನಿವಾರಗಳಂದು ಕ್ಲಬ್ಬಿನ ಪತ್ರಗಳನ್ನು ಟೈಪು ಮಾಡಿಕೊಡುತ್ತಿದ್ದೆ, ಹಾಗಾಗಿ ನಾನೂ ಬಂದೆ.

ಕ್ಲಬ್ಬಿನವನಲ್ಲದೆ ಓಟಕ್ಕೆ ಹೆಸರು ಕೊಟ್ಟ ಒಬ್ಬನೇ ಒಬ್ಬ ಎಂದರೆ ವರೀದ್ ಮೇಸ್ತ್ರಿ. ಕಲೂರಿನಲ್ಲಿ ತೆಂಗಿನ ಗರಿಯ ಮಾಡಿನ ಕೆಳಗೆ ಅವನ ವರ್ಕ್‌ಶಾಪು. ನಲವತ್ತು ವರ್ಷ, ದಪ್ಪ ಹೊಟ್ಟೆ, ಕುತ್ತಿಗೆಯಲ್ಲಿ ಶಿಲುಬೆ. ಹಳೆಯ ಒಂದು ಸಣ್ಣ ಕಾರಿನ ಚಾಸಿ, ಸೈನ್ಯದವರು ಹರಾಜು ಹಾಕಿದ್ದರಲ್ಲಿ ಸಿಕ್ಕ ಎಂಜಿನು, ಇಷ್ಟನ್ನು ಇಟ್ಟುಕೊಂಡು ಕಾರು ಕಟ್ಟಲು ಹೊರಟಿದ್ದ. ಮೈಗೆ ತಗಡು ಬಡಿಯುವ ಬದಲು ವೈಪ್ಪಿನ್ ದ್ವೀಪದಿಂದ ದೋಣಿ ಕಟ್ಟುವ ಇಬ್ಬರು ಆಶಾರಿಗಳನ್ನು ಕರೆಸಿದ. ಅವರು ಹೆಬ್ಬಲಸಿನ ತೆಳು ಹಲಗೆಗಳನ್ನು ಬೆಂಕಿಗೆ ಹಿಡಿದು ಬಾಗಿಸಿ, ಒಂದಕ್ಕೊಂದು ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಒಂದು ಮೊಳೆಯಿಲ್ಲ. ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರು. ಚಕ್ರವಿರುವ ಕಪ್ಪು ದೋಣಿಯ ಹಾಗೆ ಕಾಣುತ್ತಿತ್ತು. ಎಡಪ್ಪಳ್ಳಿಯ ಆಚೆಯ ನೇರ ರಸ್ತೆಯಲ್ಲಿ ಒಂದು ಬೆಳಿಗ್ಗೆ ಅದು ಅಧ್ಯಕ್ಷರ ಹಸಿರು ಕಾರನ್ನು ಹಿಂದೆ ಹಾಕಿ ಹೋಯಿತು.

ಮರುದಿನ ಅಧ್ಯಕ್ಷರು ನನ್ನನ್ನು ಕರೆದು, ಓಟಕ್ಕೆ ಸರಿಯಾದ ತಾಂತ್ರಿಕ ನಿಯಮಗಳು ಬೇಕು, ವಿಲಾಯತಿ ಪತ್ರಿಕೆಗಳನ್ನು ನೋಡಿ ನೀವೇ ಕರಡು ಮಾಡಿ, ನೀವು ಪದವೀಧರರಲ್ಲವೇ ಎಂದರು. ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದು ವಾರ ರಜೆ ಹಾಕಿ, ಹಳೆಯ ಪತ್ರಿಕೆಗಳ ರಾಶಿಯನ್ನೇ ಓದಿ, ನಲವತ್ತೆರಡು ನಿಯಮ ಬರೆದೆ. ಹೆಚ್ಚು ಬರೆದಷ್ಟೂ ಹೆಚ್ಚು ಕಲಿತಂತೆ ಎಂದು ತಿಳಿದಿದ್ದವನು ನಾನು. ಸ್ಪೋರ್ಟ್ಸ್ ಕಾರಿಗೆ ಎರಡು ಸೀಟಿರಬೇಕು. ಎರಡು ಬಾಗಿಲಿರಬೇಕು. ಗಾಜು ಇಷ್ಟೇ ಎತ್ತರವಿರಬೇಕು. ಹದಿನೇಳನೆಯದು, ಮೈಯೆಲ್ಲ ಲೋಹದ ತಗಡಿನದಾಗಿರಬೇಕು. ಅದನ್ನು ಬರೆಯುವಾಗ ವರೀದನ ಕಾರು ನನ್ನ ನೆನಪಿಗೇ ಬರಲಿಲ್ಲ, ನಿಜ ಹೇಳುತ್ತೇನೆ. ಪತ್ರಿಕೆಯಲ್ಲಿತ್ತು, ಬರೆದೆ.

ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಸಭೆ. ಇನ್ಸ್‌ಪೆಕ್ಟರು ಕಾಗದಗಳನ್ನು ತಿರುವಿ ನೋಡಿದರು.

"ಇದು ಯಾರು ಬರೆದದ್ದು?" ಎಂದರು ನನಗೆ ಕನ್ನಡದಲ್ಲಿ.

"ನಾನು."

"ಪರೀಕ್ಷೆಯಾದ್ರೆ ಫಸ್ಟ್ ಕ್ಲಾಸು." ಪೆನ್ಸಿಲು ಕೈಗೆ ತೆಗೆದುಕೊಂಡರು. "ಒಂದೊಂದೇ ಓದು. ಓದಿ, ಅದು ಇಲ್ಲದ್ದಕ್ಕೆ ಯಾರಿಗೆ ಎಂತ ಆಯ್ತು ಅಂತ ಹೇಳು. ನಿಂಗೆ ಗೊತ್ತಿಲ್ಲದಿದ್ರೆ ನಾನು ಹೇಳ್ತೇನೆ. ಇಬ್ಬರಿಗೂ ಗೊತ್ತಿಲ್ಲದಿದ್ರೆ ಹೊಡೆದುಹಾಕುವ."

ಇದು ಅವರ ಪದ್ಧತಿ. ಇಲಾಖೆಯ ನಿಯಮ ಪುಸ್ತಕದಲ್ಲಿಯೂ ಪ್ರತಿ ನಿಯಮದ ಪಕ್ಕದ ಖಾಲಿ ಜಾಗದಲ್ಲಿ ಒಂದು ಅಪಘಾತ ಬರೆದಿಡುತ್ತಿದ್ದರು. ನಾನು ಮೊದಲನೆಯದನ್ನು ಓದಿದೆ: ನಾಲ್ಕೂ ಚಕ್ರಕ್ಕೆ ಬ್ರೇಕು. "ಕುಂಬಳೆಯ ಇಳಿಜಾರು, ಲಾರಿ, ಇಬ್ಬರು" ಎಂದು ಪಕ್ಕದಲ್ಲಿ ಬರೆದರು. ಎರಡನೆಯದು: ಎರಡು ಸೀಟು.

"ಎರಡನೇ ಸೀಟಿನಲ್ಲಿ ಯಾರು ಕೂರ್ತಾರೆ?"

"ಓಟದಲ್ಲಿ ಯಾರೂ ಕೂರುವುದಿಲ್ಲ."

"ಹಾಗಾದ್ರೆ ಆ ರೂಲು ಯಾರಿಗೆ?" ಗೆರೆ ಎಳೆದರು.

ಅಧ್ಯಕ್ಷರು ಬಿಡಲಿಲ್ಲ. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಅಳತೆಯೇ ಇಲ್ಲದಿದ್ದರೆ ಆಟ ಎಲ್ಲಿ ಉಳಿಯಿತು, ಕ್ರಿಕೆಟ್ ಬ್ಯಾಟಿಗೂ ಇಷ್ಟೇ ಅಗಲ ಎಂದಿಲ್ಲವೇ ಎಂದು ಕೇಳಿದರು. ನಮ್ಮವರು ಸ್ವಲ್ಪ ಹೊತ್ತು ಪೆನ್ಸಿಲಿನಿಂದ ಮೇಜನ್ನು ತಟ್ಟಿದರು. ಆಮೇಲೆ ಎಂಜಿನಿನ ಗಾತ್ರದ ನಿಯಮ ಎಲ್ಲಿದೆ ಎಂದು ಹುಡುಕಿಸಿ ಅದನ್ನು ಉಳಿಸಿದರು. "ಅದು ಸರಿ. ದೊಡ್ಡ ಎಂಜಿನು ತರುವವ ಬುದ್ಧಿಯಿಂದ ಗೆಲ್ಲುವುದಲ್ಲ, ಕಿಸೆಯಿಂದ. ಅಪಘಾತ ಇಲ್ಲ, ಅನ್ಯಾಯ ಉಂಟು. ಬರಿ."

ಹದಿನೇಳನೆಯದು ಬಂತು. ವರೀದನ ಕಾರು ಇದರಿಂದ ಹೊರಗೆ ಬೀಳುತ್ತದೆ ಎಂದು ನನಗೆ ಆಗ ಹೊಳೆಯಿತು. ಅಧ್ಯಕ್ಷರು ಮುಂದಕ್ಕೆ ಬಾಗಿ ಕೂತರು. ಮರಕ್ಕೆ ಬೆಂಕಿ ಹಿಡಿಯುತ್ತದೆ, ಮುರಿದರೆ ಸೀಳು ಚುಚ್ಚುತ್ತದೆ, ಇದು ಬೇಕೇ ಬೇಕು ಎಂದರು.

"ಬೆಂಕಿಯ ಭಯವಾ? ಹಾಗಾದ್ರೆ ಬೆಂಕಿಗೆ ರೂಲು ಬರೆಯುವ" ಎಂದು ಇನ್ಸ್‌ಪೆಕ್ಟರು ಇಂಗ್ಲಿಷಿನಲ್ಲಿಯೇ ನಿಧಾನವಾಗಿ ಹೇಳಿದರು. "ಪೆಟ್ರೋಲ್ ಟ್ಯಾಂಕಿಗೂ ಡ್ರೈವರನಿಗೂ ನಡುವೆ ತಗಡಿನ ಗೋಡೆ. ಎಲ್ಲ ಕಾರಿಗೂ, ತಮ್ಮದಕ್ಕೂ. ಚುಚ್ಚುವ ಭಯವಾ? ಡ್ರೈವರನ ಸುತ್ತ ಚೂಪಾದದ್ದು ಏನೂ ಇರಬಾರದು. ತಮ್ಮ ಗಾಜಿನ ಅಂಚು ನನ್ನ ಹೆಬ್ಬೆರಳು ಕುಯ್ದಿದೆ." ಹೆಬ್ಬೆರಳು ತೋರಿಸಿದರು. ತೋಟದವರೊಬ್ಬರು ನಕ್ಕರು, ಅಧ್ಯಕ್ಷರೂ ಕೊನೆಗೆ ನಕ್ಕರು.

ಸಂಜೆಯ ಹೊತ್ತಿಗೆ ಎಂಟು ಉಳಿದವು. ಒಂಬತ್ತನೆಯದನ್ನು ಅವರೇ ಬರೆಸಿದರು: ಡ್ರೈವರು ಯಾರ ಸಹಾಯವೂ ಇಲ್ಲದೆ, ಹತ್ತು ಎಣಿಸುವುದರೊಳಗೆ ಕಾರಿನಿಂದ ಹೊರಗೆ ಬರಬೇಕು.

"ಇದಕ್ಕೆ ಅಪಘಾತ?" ಎಂದೆ ನಾನು. ಸ್ವಲ್ಪ ಸೇಡೂ ಇತ್ತು.

"ಉಂಟು. ಬರಿ" ಎಂದರು, ಅಷ್ಟೇ.

ಅನುಮತಿಗಾಗಿ ನಾವಿಬ್ಬರೂ ತಿರುವನಂತಪುರಕ್ಕೆ ಹೋದೆವು. ಕೋಟ್ಟಯಂ ದಾರಿಯ ಬಸ್ಸಿನಲ್ಲಿ ಇಡೀ ದಿನ. ದಾರಿಯುದ್ದಕ್ಕೂ ಅವರು ಗೇರು ಬದಲಾಗುವ ಸದ್ದಿಗೆ ಮುಖ ಹಿಂಡುತ್ತ, ಕೊನೆಗೆ ತಡೆಯಲಾರದೆ ಡ್ರೈವರನ ಹಿಂದೆ ಹೋಗಿ ಕೂತರು. ಮರುದಿನ ಮೇಲಧಿಕಾರಿ ನಮ್ಮ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಒಂದೇ ಹಾಳೆಯೇ? ಬೇರೆ ಕಡೆ ಇದಕ್ಕೆ ಪುಸ್ತಕವೇ ಇರುತ್ತದಂತೆ."

ಮೇಲಧಿಕಾರಿಗಳೆದುರು ಇನ್ಸ್‌ಪೆಕ್ಟರ ಇಂಗ್ಲಿಷು ಮುಗ್ಗರಿಸುತ್ತಿತ್ತು. ನಾನು ಬಾಯಿ ತೆರೆದೆ. "ಸರ್, ನಲವತ್ತೆರಡು ಬರೆದವನೇ ನಾನು. ಕಾರು ಹೇಗಿರಬೇಕು ಎಂದು ಬರೆದಿದ್ದೆ. ಇವರು ಕಾರಿನಿಂದ ಏನು ಆಗಬಾರದು ಎಂದು ಬರೆಸಿದ್ದಾರೆ. ಮೊದಲನೆಯದಕ್ಕೆ ಪುಸ್ತಕ ಬೇಕು, ಎರಡನೆಯದಕ್ಕೆ ಒಂದು ಹಾಳೆ ಸಾಕು" ಎಂದೆ. ನನ್ನ ಡಿಗ್ರಿ ಅಂದು ನಿಜವಾಗಿ ಕೆಲಸಕ್ಕೆ ಬಂತು.

ಮೇಲಧಿಕಾರಿ ಸಹಿ ಹಾಕಿದರು. ಸಹಿಯ ಮೇಲೆ ಒಂದು ಸಾಲು ಸೇರಿಸಿದರು: ಅನಾಹುತವಾದಲ್ಲಿ ಇನ್ಸ್‌ಪೆಕ್ಟರೇ ವೈಯಕ್ತಿಕ ಹೊಣೆ. ಮದ್ರಾಸಿನಿಂದ ಬಂದವರ ಸೇವೆ ಹೊಸ ಸರ್ಕಾರದಲ್ಲಿ ಇನ್ನೂ ಖಾಯಂ ಆಗಿರಲಿಲ್ಲ. ಒಂದು ಸಾವಾದರೆ ಅವರ ಇಪ್ಪತ್ತಾರು ವರ್ಷದ ನೌಕರಿ ಹೋದಂತೆ.

ಹೊರಗೆ ಬಂದು ಕಾಫಿಗೆ ಕೂತಾಗ ನಾನು ಆ ಸಾಲಿನ ಬಗ್ಗೆ ಗೊಣಗಿದೆ. ಅವರು ಕಾಫಿ ಆರಿಸುತ್ತ, ಕೇಳದೆಯೇ ಒಂಬತ್ತನೆಯ ನಿಯಮದ ಅಪಘಾತವನ್ನು ಹೇಳಿದರು.

"ಡ್ರೈವರನ ಪಕ್ಕದ ಬಾಗಿಲಿಂದ ಜನ ಹತ್ತುತ್ತಾರೆ ಅಂತ ಒಬ್ಬ ಮಾಲೀಕ ಅಲ್ಲಿಗೆ ಅಡ್ಡಪಟ್ಟಿ ಬೆಸುಗೆ ಹಾಕಿಸಿದ್ದ. ಪುಸ್ತಕ ನೋಡಿದೆ. ಹಾಕಬಾರದು ಅಂತ ಎಲ್ಲಿಯೂ ಇರ್ಲಿಲ್ಲ. ಪಾಸು ಮಾಡಿದೆ. ಬಸ್ಸು ಹೊಳೆಗೆ ಬಿತ್ತು. ಹಿಂದೆ ನೀರು ಮೊಣಕಾಲಿಗೆ, ಜನ ಎಲ್ಲ ಇಳಿದು ಬಂದ್ರು. ಮೂತಿ ಮಾತ್ರ ಮುಳುಗಿತ್ತು. ಅಡ್ಡಪಟ್ಟಿಯ ಎಡೆಯಿಂದ ಡ್ರೈವರನ ಕೈ ಕಾಣ್ತಾ ಇತ್ತಂತೆ. ಎಷ್ಟು ಹೊತ್ತು ಅಂತ ನಾನು ಅಲ್ಲಿದ್ದವರನ್ನು ಕೇಳಿದೆ. ಹತ್ತು ಎಣಿಸುವಷ್ಟು ಅಂದ್ರು."

ಅವರು ನನ್ನ ಲೋಟವನ್ನು ನನ್ನ ಕಡೆಗೆ ಸರಿಸಿದರು.

"ಪುಸ್ತಕ ದಪ್ಪ ಆದ ಹಾಗೆ ಕಣ್ಣು ಪುಸ್ತಕದ ಒಳಗೇ ಹೋಗ್ತದೆ ಬಿಎಸ್ಸಿ. ಕಾರು ನೋಡ್ಲಿಕ್ಕೆ ಉಳಿಯುವುದಿಲ್ಲ. ಕುಡಿ, ಆರ್ತದೆ."

ಓಟದ ಬೆಳಿಗ್ಗೆ ಕಳಮಶ್ಶೇರಿಯ ಗುಡ್ಡದ ಮೇಲೆ ಕಲೂರಿಗೆ ಕಲೂರೇ ಬಂದು ಕೂತಿತ್ತು. ಲಾರಿಗಳಲ್ಲಿ ಬಂದಿದ್ದರು, ಚೆಂಡೆಯನ್ನೂ ತಂದಿದ್ದರು. ಏಳು ಕಾರು. ಇನ್ಸ್‌ಪೆಕ್ಟರು ಗೋಣಿ ಹಾಸಿಕೊಂಡು ಒಂದೊಂದರ ಅಡಿಗೂ ಹೋಗಿ ಬಂದರು. ಅಧ್ಯಕ್ಷರು ಹಸಿರು ಕಾರಿನಿಂದ ಐದು ಎಣಿಸುವುದರೊಳಗೆ ಹೊರಗೆ ಹಾರಿ ಟೊಪ್ಪಿ ಎತ್ತಿದರು.

ವರೀದನ ಕಾರು ಕೊನೆಯದು. ನಾವು ಹಿಂದಿನ ವಾರ ಅವನ ವರ್ಕ್‌ಶಾಪಿನಲ್ಲಿ ನೋಡಿದ್ದಾಗ ಅದು ಮೇಲೆ ತೆರೆದಿತ್ತು, ಏಳು ಎಣಿಸುವಾಗ ಅವನು ಹೊರಗಿದ್ದ. ಈಗ ನೋಡಿದರೆ ಮೇಲೂ ಹಲಗೆಯ ಮುಚ್ಚಿಗೆ ಹೊಲಿದಿದ್ದ. ಗಾಳಿ ಒಳಗೆ ಹೊಕ್ಕು ಎಳೆಯಬಾರದೆಂದು ಕೊನೆಯ ಎರಡು ದಿನದಲ್ಲಿ ಮಾಡಿಸಿದ್ದು. ಎದೆಯ ಮಟ್ಟದಲ್ಲಿ ಒಂದು ತೂತು, ಅದರಲ್ಲಿ ಅವನ ತಲೆ ಮತ್ತು ಎರಡು ಭುಜ. ಕಾರು ಬಹಳ ಚಂದ ಕಾಣುತ್ತಿತ್ತು. ಅದನ್ನೂ ಹೇಳಬೇಕು.

"ಹೊರಗೆ ಬಾ" ಎಂದು ಇನ್ಸ್‌ಪೆಕ್ಟರು ಎಣಿಸಿದರು. ಒಂದು ಭುಜ ಬಂತು, ಹೊಟ್ಟೆ ಸಿಕ್ಕಿಕೊಂಡಿತು. ಹದಿನೆಂಟು. ಇನ್ನೊಮ್ಮೆ, ಹದಿನೈದು.

ವರೀದ್ ಬೆವರು ಒರೆಸಿಕೊಂಡ. "ಸಾರೇ, ಸತ್ತರೆ ನಾನು ತಾನೇ ಸಾಯುವುದು? ಕಾರು ನನ್ನದು, ಜೀವ ನನ್ನದು. ಮರದ ಕಾರು ಬೇಡ ಅಂತ ಕ್ಲಬ್ಬಿನ ಸಾಯಿಪ್ಪು ದೊರೆಗಳು ಹೇಳಿದಾಗ ಇಷ್ಟ ಬಂದ ಹಾಗೆ ಕಟ್ಟಲಿ ಅಂತ ನನ್ನ ಪರ ಮಾತಾಡಿದ್ದು ನೀವೇ ಅಲ್ವಾ?"

"ನಾನೇ."

"ಮತ್ತೆ ಈಗ?"

"ಇಷ್ಟ ಬಂದ ಹಾಗೆ ಕಟ್ಟು. ಹತ್ತರ ಒಳಗೆ ಹೊರಗೆ ಬಾ."

ಚೆಂಡೆ ನಿಂತಿತು. ಗುಡ್ಡದ ಮೇಲಿನಿಂದ ಕೂಗು ಶುರುವಾಯಿತು. ಅಧ್ಯಕ್ಷರು ಹತ್ತಿರ ಬಂದು, ಮೇಸ್ತ್ರಿ ಓಡಲಿ, ನಮ್ಮದೇನೂ ಆಕ್ಷೇಪವಿಲ್ಲ ಎಂದರು. ದೊಡ್ಡ ಮನಸ್ಸೋ ಜನರ ಹೆದರಿಕೆಯೋ ನನಗೆ ಗೊತ್ತಾಗಲಿಲ್ಲ. ನಾನೂ ಮೆಲ್ಲಗೆ ಹೇಳಿದೆ, "ಇನ್ಸ್‌ಪೆಕ್ಟ್ರೇ, ಐದು ಎಣಿಕೆಯ ವ್ಯತ್ಯಾಸ ತಾನೇ."

ಅವರು ನನ್ನ ಕಡೆ ತಿರುಗಿದರು. "ಹೌದಾ? ಹಾಗಾದ್ರೆ ಈ ಸಲ ನೀನು ಎಣಿಸು. ಹತ್ತು ಅಂದ್ರೆ ಹತ್ತು. ಕಾಗದದಲ್ಲಿ ನನ್ನ ಸಹಿಯ ಕೆಳಗೆ ನಿನ್ನದೂ ಹಾಕು."

ವರೀದ್ ಮತ್ತೆ ಒಳಗೆ ಇಳಿದು ಕೂತು ನನ್ನ ಮುಖ ನೋಡಿದ. ಅವನು ಕೇಳುತ್ತಿರುವುದು ಏನೆಂದು ನನಗೆ ಗೊತ್ತಿತ್ತು. ನಿಧಾನವಾಗಿ ಎಣಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಒಂದು ನಿಯಮ ಈ ಕಾರನ್ನು ಸುಮ್ಮನೆ ಹೊರಗೆ ಹಾಕುವುದರಲ್ಲಿತ್ತು, ಅದರ ಋಣವೂ ನನ್ನ ಮೇಲಿತ್ತು. ಒಂದು ಎಂದೆ. ಎರಡು ಎಂದೆ. ಮೂರರ ನಂತರ ನನ್ನ ಬಾಯಿ ತಾನಾಗಿಯೇ ನಿಧಾನವಾಯಿತು. ಅಷ್ಟರಲ್ಲಿ ನೀರಿನೊಳಗಿನ ಆ ಕೈ ಕಣ್ಣ ಮುಂದೆ ಬಂತು. ಉಳಿದದ್ದನ್ನು ಗಡಿಯಾರದ ಹಾಗೆ ಎಣಿಸಿದೆ. ಹತ್ತಾಗುವಾಗ ಅವನ ಸೊಂಟ ಇನ್ನೂ ಒಳಗಿತ್ತು. ಹದಿನಾಲ್ಕು.

"ಆಗಲಿಲ್ಲ ಮೇಸ್ತ್ರಿ" ಎಂದೆ.

ವರೀದ್ ಟವಲು ನೆಲಕ್ಕೆ ಎಸೆದು, ಈ ಕಾಸರಗೋಡಿನವರ ಬಗ್ಗೆ ಮಲಯಾಳದಲ್ಲಿ ಒಂದಷ್ಟು ಹೇಳಿದ. ಇನ್ಸ್‌ಪೆಕ್ಟರು ಪೂರ್ತಿ ಕೇಳಿದರು. ಆಮೇಲೆ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮುಚ್ಚಿಗೆಯ ಹೊಲಿಗೆಯ ಮೇಲೆ ಬೆರಳೋಡಿಸಿದರು.

"ದೋಣಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಹೊಲೀತಾರಲ್ವಾ ವರೀದೇ?"

"ಹೌದು." ಅವನು ಇನ್ನೂ ಬುಸುಗುಟ್ಟುತ್ತಿದ್ದ.

"ಬಿಚ್ಚಲಿಕ್ಕೆ ಎಷ್ಟು ಹೊತ್ತು?"

ವರೀದ್ ಅವರನ್ನು ನೋಡಿದ, ಕಾರನ್ನು ನೋಡಿದ. ಆಮೇಲೆ ಗುಡ್ಡದ ಕಡೆ ತಿರುಗಿ ಆಶಾರಿಗಳನ್ನು ಕೂಗಿದ. ಜನರ ನಡುವಿನಿಂದ ಇಬ್ಬರೂ ಇಳಿದು ಬಂದರು. ತಗಡಿನ ಕಾರಾಗಿದ್ದರೆ ಅಂದು ಅದರ ಕಥೆ ಮುಗಿಯುತ್ತಿತ್ತು. ಇವರು ಹಗ್ಗ ಕುಯ್ದರು, ಹಲಗೆ ಎತ್ತಿದರು, ಅಂಚಿಗೆ ನಾರು ಸುತ್ತಿ ಮೆತ್ತಗೆ ಮಾಡಿದರು. ಅರ್ಧ ಗಂಟೆ. ಓಟವನ್ನು ಅಧ್ಯಕ್ಷರೇ ಅಷ್ಟು ಹೊತ್ತು ತಡೆಹಿಡಿದರು. ನಾನು ಎಣಿಸಿದೆ. ಏಳು. ಇಬ್ಬರೂ ಸಹಿ ಹಾಕಿದೆವು. ಚೆಂಡೆ ಮತ್ತೆ ಶುರುವಾಯಿತು.

ಹನ್ನೆರಡು ಸುತ್ತು. ತಿರುವುಗಳಲ್ಲಿ ದೋಣಿ ಹಸಿರು ಕಾರನ್ನು ಹಿಡಿಯುತ್ತಿತ್ತು. ಹಗುರವಾದ ಮೈ, ವರೀದನ ಕೈ. ನೇರ ರಸ್ತೆಗೆ ಬಂದ ಕೂಡಲೇ ತೆರೆದ ಮೈಯೊಳಗೆ ಗಾಳಿ ತುಂಬಿ ಹಿಂದೆ ಬೀಳುತ್ತಿತ್ತು. ಕೊನೆಗೆ ಎರಡು ಕಾರಿನ ಉದ್ದದಷ್ಟು ಹಿಂದೆ, ಎರಡನೆಯವನಾಗಿ ಬಂದ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಅವನು ಇಳಿದು ನೇರ ನಮ್ಮ ಕಡೆ ಬಂದ. "ಮುಚ್ಚಿಗೆ ಇದ್ದಿದ್ರೆ ನಾನೇ ಮೊದಲು, ಸಾರೇ."

"ಹೌದು" ಎಂದರು ಇನ್ಸ್‌ಪೆಕ್ಟರು. "ನೀನೇ ಮೊದಲು ಬರ್ತಿದ್ದಿ."

ವಾದಕ್ಕೆ ಸಿದ್ಧನಾಗಿ ಬಂದಿದ್ದ ವರೀದ್ ತಿರುಗಿ ತನ್ನ ಕಾರಿನ ಕಡೆಗೆ ನಡೆದ. ಹೋದವನು ಹನ್ನೊಂದು ತಿಂಗಳು ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ಕಲೂರಿನಲ್ಲಿ ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಇನ್ಸ್‌ಪೆಕ್ಟರಿಗೆ ಅದು ನೋಯುತ್ತಿತ್ತು. ಹೇಳುತ್ತಿರಲಿಲ್ಲ, ಆದರೆ ಆ ದಾರಿಯಲ್ಲಿ ಹೋಗುವಾಗ ಅವನ ವರ್ಕ್‌ಶಾಪಿನ ಎದುರು ನಡಿಗೆ ನಿಧಾನ ಮಾಡುತ್ತಿದ್ದರು.

ಮರುವರ್ಷದ ಓಟಕ್ಕೆ ಒಂದು ತಿಂಗಳಿರುವಾಗ, ಒಂದು ಬೆಳಿಗ್ಗೆ ಬಸ್ಸುಗಳು ಸಾಲಾಗಿ ನಿಂತಿದ್ದ ಇಲಾಖೆಯ ಅಂಗಳಕ್ಕೆ ಕಪ್ಪು ದೋಣಿ ಬಂತು. ನಾನು ರಜೆ ಹಾಕಿ ಅಲ್ಲಿದ್ದೆ. ಮೇಲೆ ಮತ್ತೆ ಮುಚ್ಚಿಗೆ, ಹಿಂದಿನದ್ದಕ್ಕಿಂತಲೂ ನುಣುಪು. ವರೀದ್ ಒಳಗಿನಿಂದಲೇ ಬಲಗೈಯಿಂದ ಏನನ್ನೋ ಎಳೆದ. ಹಗ್ಗ ಸುಯ್ಯೆಂದು ಒಂದೇ ಉಸಿರಿಗೆ ಎಲ್ಲ ತೂತುಗಳಿಂದ ಹೊರಗೆ ಬಂತು, ಮುಚ್ಚಿಗೆ ಎರಡು ಹೋಳಾಗಿ ಎರಡು ಬದಿಗೆ ಬಿತ್ತು, ಅವನು ಎದ್ದು ನಿಂತಿದ್ದ. ಇಡೀ ಮುಚ್ಚಿಗೆಯನ್ನು ಒಂದೇ ಹಗ್ಗದಲ್ಲಿ, ಜಾರುಗಂಟಿನಲ್ಲಿ ಹೊಲಿದಿದ್ದರು. ತುದಿ ಡ್ರೈವರನ ಕೈಯ ಹತ್ತಿರ.

ಇನ್ಸ್‌ಪೆಕ್ಟರು ಹಗ್ಗವನ್ನು ಕೈಗೆ ತೆಗೆದುಕೊಂಡು ಉದ್ದಕ್ಕೂ ಸವರಿದರು. ಗಂಟನ್ನು ಬೆಳಕಿಗೆ ಹಿಡಿದು ನೋಡಿದರು.

"ಇಳಿ. ನಾನು ಕೂರ್ತೇನೆ. ಕಟ್ಟು."

ಚಪ್ಪಲಿ ಬಿಟ್ಟು ಒಳಗೆ ಕೂತರು. ವರೀದ್ ಅವರ ಎದೆಯ ಸುತ್ತ ಹಲಗೆ ಜೋಡಿಸಿ ಹೊಲಿದ. ಬಸ್ಸಿನವರೆಲ್ಲ ಇಳಿದು ಬಂದು ಸುತ್ತ ನಿಂತರು. ಹೊಲಿಗೆ ಮುಗಿಯುವ ತನಕ ಇನ್ಸ್‌ಪೆಕ್ಟರು ಯಾರನ್ನೂ ನೋಡಲಿಲ್ಲ, ಮುಖ ಬಿಳುಚಿಕೊಂಡಿತ್ತು.

"ಬಿಎಸ್ಸಿ, ಎಣಿಸು."

ಒಂದು ಎನ್ನುವಾಗ ಹಗ್ಗ ಎಳೆದರು. ಎರಡು ಎನ್ನುವಾಗ ಮುಚ್ಚಿಗೆ ಬಿತ್ತು. ಐದಕ್ಕೆ, ಐವತ್ತು ದಾಟಿದ ಆ ಮನುಷ್ಯ ಬರಿಗಾಲಲ್ಲಿ ಅಂಗಳದ ಮಣ್ಣಿನ ಮೇಲೆ ನಿಂತಿದ್ದರು, ಕೈಯಲ್ಲಿ ಹಗ್ಗ. ಸಾಲಿನ ಹಿಂದಿನ ಯಾವುದೋ ಬಸ್ಸು ತಡವಾಯಿತೆಂದು ಹಾರ್ನು ಹೊಡೆಯಿತು. ಅವರು ಹಗ್ಗವನ್ನು ವರೀದನ ಕೈಗೆ ಕೊಟ್ಟು, "ಇನ್ನೊಮ್ಮೆ ಕಟ್ಟು" ಎಂದು ಮತ್ತೆ ಒಳಗೆ ಕಾಲಿಟ್ಟರು.